ವಿಂಡೋಸ್ 10 ಮುಗಿಯಿತು, ಹಳೆ ಕಂಪ್ಯೂಟರ್ ಎಂತ ಮಾಡುವುದು?

ಕಾಸರಗೋಡಿನ ಪೆರ್ಲದಿಂದ ಪ್ರಶ್ನೆ:
2014ರಲ್ಲಿ ತೆಗೆದ ಡೆಸ್ಕ್‌ಟಾಪ್, 4 ಜಿಬಿ ರ‍್ಯಾಮ್. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿತಲ್ಲ. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲ, ಪ್ರೊಸೆಸರೂ ಹಳತು, ಹಾಗಾಗಿ ವಿಂಡೋಸ್ 11 ಹಿಡಿಯುವುದಿಲ್ಲ ಅಂತ ತೋರಿಸ್ತದೆ. ನನ್ನ ಕೆಲಸ ಅಡಿಕೆ ಲೆಕ್ಕ, ಬ್ಯಾಂಕು, ಯಕ್ಷಗಾನ ಸಂಘದ ಪತ್ರಗಳು. ಟೈಪಿಂಗ್ ಎಲ್ಲ ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ. ಬಿಸಾಡುವುದಾ? ಅನುಭವ ಇದ್ದವರು ಹೇಳಿ.

ನೀರ್ಚಾಲಿನಿಂದ:
ಬಿಸಾಡಬೇಡಿ ಅಣ್ಣ. ಇಂಥದ್ದೇ ಮೆಷಿನಿಗೆ ನಾನು ಕಳೆದ ಮಳೆಗಾಲದಲ್ಲಿ ವಿಂಡೋಸಿನ ಬದಲಿಗೆ ಬಳಸುವ, ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿದೆ, ಹಗುರದ ಎಕ್ಸ್‌ಎಫ್‌ಸಿಇ ಎಂಬ ಪರದೆ ವಿನ್ಯಾಸ ಇರುವಂಥದ್ದು. ಈ ವಯಸ್ಸಿನಲ್ಲಿ ಹೊಸತು ಕಲಿಯಬೇಕಲ್ಲ ಅಂತ ಹೆದರಿಕೆ ಇತ್ತು. ಎಂಟನೇ ಕ್ಲಾಸಿನ ಮಗಳು ಬಂದು ಕೂತವಳು ಎರಡು ಫೋಲ್ಡರ್ ತೆರೆದು, "ಅಪ್ಪಾ, ಇದು ನಮ್ಮ ಶಾಲೆಯದ್ದರ ಹಾಗೆಯೇ ಉಂಟಲ್ಲ!" ಅಂದಳು. ಹೌದು, ಕೇರಳದ ಶಾಲೆಗಳಲ್ಲಿ ಕೈಟ್ (ಶಾಲೆಗಳ ಕಂಪ್ಯೂಟರ್ ವ್ಯವಸ್ಥೆ ನೋಡುವ ಸರ್ಕಾರಿ ಸಂಸ್ಥೆ) ಕೊಡುವುದು ಉಬುಂಟು ಎಂಬ ಲಿನಕ್ಸ್ ಆಧಾರದ್ದು. ನಮ್ಮ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುವುದು. ಮಿಂಟ್ ನಿಂತಿರುವುದೂ ಉಬುಂಟುವಿನ ಮೇಲೆಯೇ. ಗಡಿಯಲ್ಲಿರುವ ನಮಗೆ ಮನೆಯಲ್ಲೇ ಮೇಷ್ಟ್ರು ಸಿಕ್ಕಿದ ಹಾಗೆ.

ಮೊದಲು ಪೆನ್‌ಡ್ರೈವಿನಿಂದ ಮಿಂಟ್ ಓಡಿಸಿ ನೋಡಿ, ಡಿಸ್ಕ್ ಮುಟ್ಟುವುದಿಲ್ಲ. ಸದ್ದು, ವೈಫೈ, ಮುಖ್ಯವಾಗಿ ಪ್ರಿಂಟರ್ ನಡೆಯುತ್ತದಾ ಅಂತ ಆಗಲೇ ಗೊತ್ತಾಗ್ತದೆ.

ನಾನು ಪೆಟ್ಟು ತಿಂದದ್ದು ನುಡಿಯ ಹಳೆ ಕಡತಗಳಲ್ಲಿ. ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರಿಗೂ ತಿಳಿಯುವ ಅಕ್ಷರ ಸಂಕೇತ) ಬದಲಿಸದೆ ಹಾಗೆಯೇ ನಕಲು ಮಾಡಿಕೊಂಡಿದ್ದೆ. ಮಿಂಟಿನಲ್ಲಿ ತೆರೆದರೆ ಹನ್ನೊಂದು ವರ್ಷದ ತಾಳಮದ್ದಳೆ ಪಟ್ಟಿ ಪೂರ್ತಿ ಇಂಗ್ಲಿಷ್ ಅಕ್ಷರ, ತಲೆ ಮೇಲೆ ಗೀಟು, ಚುಕ್ಕಿ. ಪುನಃ ತಮ್ಮನ ಲ್ಯಾಪ್‌ಟಾಪಿನಲ್ಲಿ ನುಡಿ ಹಾಕಿಸಿ ಒಂದೊಂದೇ ಬದಲಿಸಲು ಎರಡು ಭಾನುವಾರ ಹೋಯಿತು. ನೀವು ವಿಂಡೋಸ್ ಇರುವಾಗಲೇ ಈ ಕೆಲಸ ಮುಗಿಸಿ, ಹೊರಗಿನ ಡಿಸ್ಕಿನಲ್ಲಿ ಒಂದು ಪ್ರತಿ ಇಡಿ. ಟೈಪಿಂಗಿಗೆ ತೊಂದರೆ ಇಲ್ಲ, ನುಡಿಯಲ್ಲಿರುವ ಕಗಪ ಕೀಲಿಮಣೆ ಮಿಂಟಿನಲ್ಲೇ ಉಂಟು. ಪಂಚಾಯತಿನ ಅರ್ಜಿಗೆ ಬೇಕಾದರೆ ಪಕ್ಕದಲ್ಲಿ ಮಲಯಾಳವನ್ನೂ ಸೇರಿಸಿಕೊಳ್ಳಬಹುದು.

ಉಪ್ಪಳದಿಂದ:
ಲೆಕ್ಕ ಟ್ಯಾಲಿ ಎಂಬ ಲೆಕ್ಕಪತ್ರ ತಂತ್ರಾಂಶದಲ್ಲಿ ಇದ್ದರೆ ಸ್ವಲ್ಪ ನಿಲ್ಲಿ, ಅದು ವಿಂಡೋಸಿನದ್ದು. ನಾನು ವಿಂಡೋಸನ್ನೂ ಒಂದು ಬದಿಯಲ್ಲಿ ಉಳಿಸಿಕೊಂಡಿದ್ದೇನೆ, ಆದರೆ ಅದರಲ್ಲಿ ಇಂಟರ್‌ನೆಟ್ ಇಲ್ಲ. ಬ್ಯಾಂಕು, ಮೇಲ್ ಎಲ್ಲ ಮಿಂಟಿನಲ್ಲಿ. ಯಾರಾದರೂ ‘ಕ್ರ್ಯಾಕ್ ಮಾಡಿದ (ಬೀಗ ಮುರಿದ ಕಳ್ಳ ಪ್ರತಿ) ವಿಂಡೋಸ್ 11 ಹಾಕಿ ಕೊಡ್ತೇನೆ’ ಅಂದರೆ ದಯವಿಟ್ಟು ಒಪ್ಪಬೇಡಿ. ಆ ಕ್ರ್ಯಾಕಿನೊಳಗೆ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಂ ಸೇರಿಸಿದ್ದರೆ ನಮಗೆ ಗೊತ್ತೇ ಆಗುವುದಿಲ್ಲ.

ಮುಳ್ಳೇರಿಯದಿಂದ:
ಲಿನಕ್ಸ್ ಆದರೂ ಬ್ರೌಸರಿನ ಮೋಸ ತಪ್ಪುವುದಿಲ್ಲ, ಇದನ್ನು ಮನೆಯವರಿಗೆಲ್ಲ ಹೇಳಿಡಿ. ಅಮ್ಮ ಪಂಚಾಂಗ ಹುಡುಕುವಾಗ ಪರದೆ ತುಂಬ ಕೆಂಪು ಕಿಟಕಿ, ಬೀಪ್ ಬೀಪ್ ಸದ್ದು, ‘ವೈರಸ್ ಹೊಕ್ಕಿದೆ, ಈ ನಂಬರಿಗೆ ಫೋನ್ ಮಾಡಿ’. ಮುಚ್ಚುವ ಗುರುತೇ ಕಾಣುವುದಿಲ್ಲ. ಅದು ಬರೀ ಒಂದು ವೆಬ್ ಪುಟ, ಪರದೆ ಪೂರ್ತಿ ಹರಡಿಕೊಂಡಿರ್ತದೆ ಅಷ್ಟೆ. ಎಸ್ಕೇಪ್ ಕೀಲಿ ಒತ್ತಿ ಹಿಡಿಯಿರಿ, ಮತ್ತೆ ಆಲ್ಟ್ ಮತ್ತು ಎಫ್4 ಒಟ್ಟಿಗೆ. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಹಣ ಹೋಗಿಬಿಟ್ಟರೆ ನಾಚಿಕೆಪಟ್ಟು ಕೂರದೆ ಆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಅಮ್ಮ ಆ ನಂಬರನ್ನು ಕ್ಯಾಲೆಂಡರಿನ ಮೇಲೆಯೇ ಬರೆದಿಟ್ಟಿದ್ದಾರೆ.