ಅಪ್‌ಡೇಟ್: ಅಪ್ಪನನ್ನು ಕರೆದುಕೊಂಡು ಹಿಡ್ಲುಮನೆಗೆ ಹೋಗಿ ಬಂದೆವು

62 ವರ್ಷದ ಅಪ್ಪನನ್ನು ಕೊಡಚಾದ್ರಿ ತಪ್ಪಲಿನ ಹಿಡ್ಲುಮನೆ ಜಲಪಾತಕ್ಕೆ ಕರೆದುಕೊಂಡು ಹೋಗಬಹುದಾ, ಉಂಬಳಕ್ಕೆ (ಕಾಡಿನ ಜಿಗಣೆ) ಏನು ಮಾಡಬೇಕು ಅಂತ ಇಲ್ಲಿ ಕೇಳಿದ್ದೆ. ಹೋಗಿ ಬಂದೆವು! ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ನಿಟ್ಟೂರು ಕಡೆಯಿಂದ ಬೆಳಿಗ್ಗೆ ಬೇಗ ಹೊರಟೆವು. ಮಳೆ ನಿಂತು ಎರಡು ವಾರ ಆಗಿತ್ತು, ಆದರೂ ಕಾಡಿನೊಳಗೆ ನೆಲ ಒದ್ದೆಯೇ. ಉಪ್ಪು, ಹೊಗೆಸೊಪ್ಪು ಸೇರಿಸಿ ಬಟ್ಟೆಯಲ್ಲಿ ಗಂಟು ಕಟ್ಟಿ ಕೋಲಿನ ತುದಿಗೆ ಸಿಕ್ಕಿಸಿ ಅಂದಿದ್ದಿರಲ್ಲ, ಅದು ನಿಜಕ್ಕೂ ಕೆಲಸ ಮಾಡಿತು. ಅಪ್ಪನ ಹಿಮ್ಮಡಿ ಮೇಲೆ ಒಂದು ಉಂಬಳ ದಪ್ಪಗೆ ಊದಿ ಕೂತಿತ್ತು. ಗಂಟನ್ನು ಒದ್ದೆ ಮಾಡಿ ಮುಟ್ಟಿಸಿದ ಕೂಡಲೇ ಸುರುಟಿಕೊಂಡು ಉದುರಿತು. ರಕ್ತ ಮಾತ್ರ ಸುಮಾರು ಹೊತ್ತು ನಿಲ್ಲಲಿಲ್ಲ. ಉಂಬಳ ಕಚ್ಚುವಾಗ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತದೆ, ಹೆದರಬೇಡಿ.

ಜಲಪಾತ ಒಂದೇ ಅಲ್ಲ, ಮೆಟ್ಟಿಲಿನ ಹಾಗೆ ಒಂದರ ಮೇಲೊಂದು. ಮೇಲಕ್ಕೆ ಹೋಗಬೇಕಾದರೆ ನೀರಿನ ಪಕ್ಕದಲ್ಲೇ ಬಂಡೆ ಹತ್ತಬೇಕು, ಪಾಚಿ ಜಾಸ್ತಿ. ಅಪ್ಪನ ಮಂಡಿಗೆ ಅದು ಬೇಡ ಅನ್ನಿಸಿ ಕೆಳಗಿನದರ ಹತ್ತಿರವೇ ನಿಂತೆವು. 1343 ಮೀಟರ್ ಎತ್ತರದ ಕೊಡಚಾದ್ರಿ ಬೆಟ್ಟ ಇನ್ನೊಮ್ಮೆ, ಜೀಪ್ ಹೋಗುವಷ್ಟು ದೂರ ಜೀಪಿನಲ್ಲಿ.

ಅಪ್ಪ ಪ್ಯಾಂಟ್ ಮಡಚಿ, ಕಾಲು ನೀರಿಗೆ ಇಳಿಬಿಟ್ಟು ಒಂದು ಗಂಟೆ ಸುಮ್ನೆ ಕೂತಿದ್ದರು. ಅಮ್ಮ ಹೋದ ಮೇಲೆ ಅವರು ಅಷ್ಟು ನೆಮ್ಮದಿಯಾಗಿ ಕೂತಿದ್ದನ್ನು ನಾನು ನೋಡಿರಲಿಲ್ಲ. ಬುತ್ತಿ ಬಿಚ್ಚಿದಾಗ ತಾವೇ ಕೇಳಿ ಎರಡನೇ ಸಲ ಚಿತ್ರಾನ್ನ ಹಾಕಿಸಿಕೊಂಡರು.