ಪದಚರ್ಚೆ: ‘ರಿಟೆನ್ಷನ್ ಎಲೆಕ್ಷನ್’ಗೆ ಕನ್ನಡದಲ್ಲಿ ಏನೆನ್ನೋಣ? (ಇಲಿನಾಯ್ ಮೇಲ್ಮನವಿ ನ್ಯಾಯಾಲಯ, ತುರ್ತು)

ಸು.ರಾ.:

ಎಲ್ಲರಿಗೂ ನಮಸ್ಕಾರ. ಹಾಳೆ ನಾಡಿದ್ದು ಅಚ್ಚಿಗೆ ಹೋಗಬೇಕು, ಅದಕ್ಕೇ ಅವಸರ.

ಅಮೆರಿಕದ ಇಲಿನಾಯ್ ರಾಜ್ಯದ ಕನ್ನಡಿಗ ಮತದಾರರಿಗೆ, ಮುಖ್ಯವಾಗಿ ಮಕ್ಕಳ ಮನೆಯಲ್ಲಿ ನೆಲೆಸಿ ಪೌರತ್ವ ಪಡೆದ ಹಿರಿಯರಿಗೆ, ಒಂದು ಪುಟದ ಮತದಾನ ಮಾಹಿತಿ ಸಿದ್ಧವಾಗುತ್ತಿದೆ. ಶಿಕಾಗೊ ಇರುವ ಕುಕ್ ಕೌಂಟಿಯಲ್ಲಿ ಮತಪತ್ರ ಹಿಂದಿಯಲ್ಲೂ ಸಿಗುತ್ತದೆ, ಕನ್ನಡದ್ದಿಲ್ಲ. ಬೇರೆಲ್ಲ ಭಾಗ ಮುಗಿಯಿತು, ನ್ಯಾಯಾಧೀಶರ ಭಾಗದಲ್ಲಿ ಗಾಡಿ ನಿಂತಿದೆ.

ವಿಷಯ ಇಷ್ಟು. ಮೇಲ್ಮನವಿ ನ್ಯಾಯಾಲಯಕ್ಕೆ ಮೊದಲ ಸಲ ಬರುವವರು ಪಕ್ಷದ ಹೆಸರಿನಲ್ಲೇ ಪ್ರೈಮರಿ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮೊದಲ ಸುತ್ತು) ಗೆದ್ದು, ನವೆಂಬರಿನಲ್ಲಿ ಎದುರಾಳಿ ಇದ್ದರೆ ಅವರನ್ನೂ ಸೋಲಿಸಿ ಬರುತ್ತಾರೆ. ಅವಧಿ 10 ವರ್ಷ. ಮುಂದೆಯೂ ಇರಬೇಕೆಂದರೆ ಚುನಾವಣೆಗೆ ಆರು ತಿಂಗಳಾದರೂ ಮೊದಲು ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಗೆ ಉಮೇದುವಾರಿಕೆಯ ಘೋಷಣೆ ಕೊಡಬೇಕು. ಈ ಸಲ ಪಕ್ಷದ ಹೆಸರಿಲ್ಲ, ಎದುರಾಳಿಯೂ ಇಲ್ಲ. ‘ಇವರನ್ನು ಹುದ್ದೆಯಲ್ಲಿ ಉಳಿಸಿಕೊಳ್ಳಬೇಕೇ’ ಎಂಬ ಒಂದು ಪ್ರಶ್ನೆ, ಪಕ್ಕದಲ್ಲಿ ಯೆಸ್, ನೋ. ಐದರಲ್ಲಿ ಮೂರು ಪಾಲು, ಅಂದರೆ ಶೇ. 60 ಯೆಸ್ ಬಿದ್ದರೆ ಮತ್ತೆ 10 ವರ್ಷ. ಕೆಳಗಿನ ವಿಚಾರಣಾ ನ್ಯಾಯಾಲಯವಾದ ಸರ್ಕಿಟ್ ಕೋರ್ಟಿನವರಿಗೂ ಇದೇ ಪದ್ಧತಿ, ಅವಧಿ ಮಾತ್ರ 6 ವರ್ಷ.

ಈ ಎರಡನೆಯ ಮತದಾನಕ್ಕೆ ಏನು ಹೆಸರು? ಕೈಯಲ್ಲಿರುವುದು ‘ಧಾರಣಾ ಚುನಾವಣೆ’, ‘ಮರುಚುನಾವಣೆ’, ‘ಮುಂದುವರಿಕೆ ಮತ’. ಜೊತೆಗೆ, ಇವರು ನ್ಯಾಯಾಧೀಶರೋ ನ್ಯಾಯಮೂರ್ತಿಗಳೋ?

ಕೆ.ವಿ.:

‘ಮರುಚುನಾವಣೆ’ ಬೇಡವೇ ಬೇಡ. ಮತಗಟ್ಟೆಯಲ್ಲಿ ಗಲಾಟೆಯಾಗಿಯೋ ಯಂತ್ರ ಕೆಟ್ಟೋ ಮತ್ತೆ ನಡೆಸುವುದು ಮರುಮತದಾನ. ಅಜ್ಜಂದಿರು ಹೋದ ಸಲದ್ದು ರದ್ದಾಯಿತೇನೋ ಅಂದುಕೊಳ್ಳುತ್ತಾರೆ.

‘ಧಾರಣಾ’ ಯಾರು ಸೂಚಿಸಿದ್ದು? ಶಿರಸಿ, ಸಾಗರದ ಕಡೆಯವರಿಗೆ ಧಾರಣೆ ಎಂದರೆ ಅಡಿಕೆ ಧಾರಣೆ. ನ್ಯಾಯಾಧೀಶರ ರೇಟು ಎಷ್ಟು ಎಂದು ಕೇಳಿದ ಹಾಗಿರುತ್ತದೆ.

‘ಉಳಿಕೆ ಮತ’ ಎನ್ನಿ. ಚಿಕ್ಕದು, ಕನ್ನಡದ್ದು.

ಲ.ನ.:

‘ಉಳಿಕೆ’ ಅಂದರೆ ಮಿಕ್ಕಿದ್ದು. ಉಳಿಕೆ ಹಣ, ಉಳಿಕೆ ಸಾಲ. ‘ಉಳಿಕೆ ಮತ’ ಎಂದು ಬರೆದರೆ ಎಣಿಸಿ ಬಾಕಿಯಾದ ಮತ ಎಂದಾಗುತ್ತದೆ. ಕೃದಂತ ಮಾಡುವಾಗ ಉಳಿಯುವವರು ಯಾರು, ಉಳಿಸುವವರು ಯಾರು ಎಂದು ನೋಡಬೇಡವೇ? ಇಲ್ಲಿ ಉಳಿಸುವವನು ಮತದಾರ. ಪ್ರೇರಣಾರ್ಥಕವೇ ಬೇಕು.

ಶಂ.:

ಬುಡವೇ ತಪ್ಪಿರುವಾಗ ಕೊಂಬೆ ಕತ್ತರಿಸಿ ಏನು ಮಾಡುತ್ತೀರಿ? ‘ಚುನಾವಣೆ’ ಎಂಬುದೇ ಹಿಂದಿಯ ‘ಚುನಾವ್’ಗೆ ನಮ್ಮ ‘ಅಣೆ’ ಅಂಟಿಸಿದ ಕಸಿ. ಬದಲಾವಣೆ, ಚಲಾವಣೆಗಳ ಸಾಲಿನದು. ಆ ಧಾತುವಿನ ಅರ್ಥ ಹೆಕ್ಕುವುದು, ಹಲವರಲ್ಲಿ ಒಬ್ಬರನ್ನು ಆರಿಸುವುದು. ಇಲ್ಲಿ ಆರಿಸಲು ಇನ್ನೊಬ್ಬರೇ ಇಲ್ಲ. ಆದ್ದರಿಂದ ಇದು ಚುನಾವಣೆಯೂ ಅಲ್ಲ, ಆಯ್ಕೆಯೂ ಅಲ್ಲ. ಒಪ್ಪಿಗೆ. ‘ಉಳಿಸೊಪ್ಪಿಗೆ’ ಎಂದು ಬರೆಯಿರಿ. ನ್ಯಾಯಾಧೀಶ, ನ್ಯಾಯಮೂರ್ತಿ ಎಂಬ ಜಗಳವೂ ಬೇಡ, ಇಬ್ಬರೂ ‘ತೀರ್ಪುಗ’ರೇ.

ಹು.:

‘ತೀರ್ಪುಗ’ ಅಂದ್ರ ಯಾರ್ರೀ? ಧಾರವಾಡದ ಕೋರ್ಟಿನೊಳಗ ಹಂಗಂದ್ರ ಬೆಂಚ್ ಕ್ಲರ್ಕೂ ತಿರುಗಿ ನೋಡೂದಿಲ್ಲ.

ಶಂ. ಅವರ ತರ್ಕಕ್ಕೆ ಇಲಿನಾಯ್ ಸಂವಿಧಾನವೇ ಅಡ್ಡ ಬರುತ್ತದೆ. 1970ರ ಸಂವಿಧಾನ, 6ನೇ ವಿಧಿ, 12ನೇ ಪ್ರಕರಣ ಓದಿ: ಮತದಾರರ ಮುಂದೆ ಇಡುವ ಪ್ರಶ್ನೆಯಲ್ಲಿ ಕ್ರಿಯಾಪದ ‘ರಿಟೇನ್’ (ಉಳಿಸಿಕೊಳ್ಳು), ಆದರೆ ಐದರಲ್ಲಿ ಮೂರು ಪಾಲು ಯೆಸ್ ಬಂದರೆ ಅದು ಆ ನ್ಯಾಯಾಧೀಶರನ್ನು ‘ಎಲೆಕ್ಟ್’ ಮಾಡುತ್ತದೆ ಎಂದೇ ಬರೆದಿದೆ. ಕ್ಯಾಲಿಫೋರ್ನಿಯಾದಲ್ಲಂತೂ ಮತಪತ್ರದ ಪ್ರಶ್ನೆಯಲ್ಲೇ ‘ಎಲೆಕ್ಟೆಡ್’ ಇದೆ. ಅಲ್ಲಿ ಮೊದಲು ಗವರ್ನರ್ ನೇಮಕ, ಮೂವರ ಆಯೋಗದ ಒಪ್ಪಿಗೆ, ಆಮೇಲೆ ಜನರ ಯೆಸ್, ನೋ. ಪೂರ್ಣ ಅವಧಿ 12 ವರ್ಷ, ಸರಳ ಬಹುಮತ ಸಾಕು. ಎದುರಾಳಿ ಇರಲಿ ಬಿಡಲಿ, ಕಾನೂನಿನ ಕಣ್ಣಿಗೆ ಎರಡೂ ಚುನಾವಣೆಯೇ. ನಮ್ಮಲ್ಲಿ ಅವಿರೋಧ ಆಯ್ಕೆ ಅನ್ನುವುದಿಲ್ಲವೇ? ಅಲ್ಲಿ ಯಾವ ಎದುರಾಳಿ ಇದ್ದ?

ಇನ್ನು ಜಡ್ಜ್, ಜಸ್ಟಿಸ್. ಇಲಿನಾಯ್ ಸಂವಿಧಾನ ಸುಪ್ರೀಂ ಕೋರ್ಟಿನ ಏಳು ಮಂದಿಯನ್ನೂ ‘ಜಡ್ಜ್’ ಎಂದೇ ಕರೆಯುತ್ತದೆ. ಮತಪತ್ರದಲ್ಲೂ ಹಾಗೇ ಅಚ್ಚಾಗುತ್ತದೆ. ಆದರೆ ರೂಢಿಯಲ್ಲಿ ಮೇಲ್ಮನವಿ ನ್ಯಾಯಾಲಯದವರೂ ಸುಪ್ರೀಂ ಕೋರ್ಟಿನವರೂ ಜಸ್ಟಿಸ್. ನಮ್ಮ ಕಿವಿಗೆ ಜಿಲ್ಲಾ ಮಟ್ಟದವರು ನ್ಯಾಯಾಧೀಶರು, ಹೈಕೋರ್ಟಿನಿಂದ ಮೇಲೆ ನ್ಯಾಯಮೂರ್ತಿಗಳು. ಸರ್ಕಿಟ್ ಕೋರ್ಟಿಗೆ ನ್ಯಾಯಾಧೀಶ, ಮೇಲಿನೆರಡಕ್ಕೆ ನ್ಯಾಯಮೂರ್ತಿ ಎಂದು ಬರೆದರೆ ಓದುವವರಿಗೆ ಮೆಟ್ಟಿಲು ತಾನೇ ತಿಳಿಯುತ್ತದೆ.

ಒಂದು ಎಚ್ಚರಿಕೆ. ಆ ನ್ಯಾಯಾಲಯದ ‘ಡಿಸ್ಟ್ರಿಕ್ಟ್’ಗೆ ಜಿಲ್ಲೆ ಎನ್ನಬೇಡಿ. ನಮ್ಮವರಿಗೆ ಜಿಲ್ಲೆ ಅಂದರೆ ಕೌಂಟಿಯೇ. ಇಡೀ ರಾಜ್ಯಕ್ಕೆ ಇರುವುದು ಐದು ಡಿಸ್ಟ್ರಿಕ್ಟು. ಕುಕ್ ಕೌಂಟಿ ಒಂದೇ ಮೊದಲನೆಯದು, ಉಳಿದ ನಾಲ್ಕರಲ್ಲಿ ಹಲವು ಕೌಂಟಿಗಳು. ‘ನ್ಯಾಯಾಂಗ ವಲಯ’ ಸರಿಹೋಗುತ್ತದೆ. ಡುಪೇಜ್ ಕೌಂಟಿಯನ್ನು 2021ರ ಕಾಯ್ದೆ ಎರಡನೇ ವಲಯದಿಂದ ಮೂರನೆಯದಕ್ಕೆ ಹಾಕಿತು, ಹಳೆಯ ಹಾಳೆ ನೋಡಿ ನಕಲು ಮಾಡಬೇಡಿ.

ರ.ಭ.:

ಪತ್ರಿಕೆಯವರು ಸಲೀಸಾಗಿ ‘ವಿಶ್ವಾಸಮತ’ ಎನ್ನುತ್ತಾರೆ. ಎಲ್ಲರಿಗೂ ಗೊತ್ತಿರುವ ಪದ. ಇಷ್ಟಕ್ಕೆ ಇಷ್ಟು ಚರ್ಚೆ ಏಕೆ?

ಕೆ.ವಿ.:

ಏಕೆಂದರೆ ತಪ್ಪು. ವಿಶ್ವಾಸಮತ ಸದನದೊಳಗಿನ ಮಾತು. ಯಾರಾದರೂ ತಕರಾರು ಎತ್ತಿದರೆ ನಡೆಯುವುದು, ಸೋತರೆ ಸರಕಾರ ಬೀಳುವುದು. ಇದು ಅವಧಿ ಮುಗಿಯುವ ಹೊತ್ತಿಗೆ, ಯಾರೂ ದೂರದಿದ್ದರೂ ಬರುವ ಮತ.

ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಒಂದು ತೀರ್ಪು ಹಿಡಿಸಲಿಲ್ಲವೆಂದು ನ್ಯಾಯಮೂರ್ತಿಯನ್ನು ಇಳಿಸಬಹುದೇ ಎನ್ನುವುದೇ ಅಲ್ಲಿನ ಹಳೆಯ ವ್ಯಾಜ್ಯ. 1986ರಲ್ಲಿ ಕ್ಯಾಲಿಫೋರ್ನಿಯಾದ ಮುಖ್ಯ ನ್ಯಾಯಮೂರ್ತಿ ರೋಸ್ ಬರ್ಡ್ ಮತ್ತು ಜೊತೆಗಿನ ಇಬ್ಬರು ಗಲ್ಲುಶಿಕ್ಷೆಯ ಪ್ರಕರಣಗಳ ಸಿಟ್ಟಿಗೆ ಸೋತರು. ಐಯೊವ ರಾಜ್ಯದಲ್ಲಿ ಸಲಿಂಗ ವಿವಾಹದ 2009ರ ತೀರ್ಪಿನ ಮರುವರ್ಷ ಮೂವರು ನ್ಯಾಯಮೂರ್ತಿಗಳು ಸೋತರು. ಹೆಸರಿನಲ್ಲೇ ‘ವಿಶ್ವಾಸ’ ಇಟ್ಟರೆ ನಿಮ್ಮ ಹಾಳೆ ಆ ವ್ಯಾಜ್ಯದಲ್ಲಿ ಒಂದು ಕಡೆ ವಕಾಲತ್ತು ಹಾಕಿದ ಹಾಗೆ.

ಶಂ.:

‘ವಕಾಲತ್ತು’, ‘ತಕರಾರು’. ಅರಬ್ಬಿ ಪಾರಸಿ ಎರಡು ಮೂಟೆ ಹೊತ್ತುಕೊಂಡೇ ‘ಉಳಿಕೆ’ ಕನ್ನಡದ್ದು ಎಂದು ಉಪದೇಶ ಮಾಡಿದಿರಿ. ಚೆನ್ನಾಗಿದೆ.

ಹು.:

ದಾವೆ, ಜಾಮೀನು, ವಕೀಲ, ಫಿರ್ಯಾದಿ, ಅಮೀನ, ಜಪ್ತಿ. ಇವನ್ನು ತೆಗೆದುಹಾಕಿ ಕೋರ್ಟಿನಲ್ಲಿ ಒಂದು ದಿನ ಕಲಾಪ ನಡೆಸಿ ತೋರಿಸಿ. ಬಂದ ಪದ ನೂರಿನ್ನೂರು ವರ್ಷ ನಮ್ಮ ವಿಭಕ್ತಿ ಹಚ್ಚಿಕೊಂಡು ದುಡಿದರೆ ಅದು ನಮ್ಮದೇ. ‘ಚುನಾವಣೆ’ಗೂ ಅದೇ ನ್ಯಾಯ. ಹಿಂದಿ ಬೆಲ್ಟಿನವರಿಗೆ ಹೇಳಿದರೆ ‘ಅಣೆ’ ಯಾಕೆ ಎಂದು ಅವರೇ ಕೇಳುತ್ತಾರೆ.

ಲ.ನ.:

ನಿಮ್ಮಿಬ್ಬರ ಮೊಕದ್ದಮೆ ಮುಂದಿನ ತಾರೀಕಿಗೆ ಹೋಗಲಿ, ಅಚ್ಚಿನ ಕೆಲಸ ನೋಡೋಣ.

ಯಾರೂ ಮುಟ್ಟದ ಒಂದು ಮಾತು: ‘ಉಳಿಸಿಕೊಳ್ಳಬೇಕೇ’ ಎಂದು ಕೇಳಿ ‘ಹೌದು, ಇಲ್ಲ’ ಎಂದು ಬರೆದರೆ ಅದು ಕನ್ನಡವಲ್ಲ. ‘ಬೇಕೇ’ ಎಂದರೆ ಉತ್ತರ ‘ಬೇಕು’ ಅಥವಾ ‘ಬೇಡ’. ‘ಇಲ್ಲ’ ಎನ್ನುವುದು ಇರುವಿಕೆಯ ನಿಷೇಧ. ಆ ಮನುಷ್ಯ ಕುರ್ಚಿಯಲ್ಲಿ ಇಲ್ಲವೇ ಎಂದು ಗಲಿಬಿಲಿ. ‘ಯೆಸ್: ಬೇಕು. ನೋ: ಬೇಡ’ ಎನ್ನಿ. ‘ಇರಲಿ’ ಬೇಡ, ‘ಇರಲಿ ಬಿಡಿ’ ಎಂದು ನಯವಾಗಿ ಬೇಡವೆನ್ನುವವರೇ ನಮ್ಮಲ್ಲಿ ಹೆಚ್ಚು.

ಹೆಸರಿಗೆ ‘ಮುಂದುವರಿಕೆ’ಗಿಂತ ‘ಮುಂದುವರಿಸುವ ಮತ’. ‘ಮುಂದುವರಿಕೆ’ ಎಂದರೆ ಗುತ್ತಿಗೆ ನವೀಕರಣದಂತೆ ತಾನೇ ಆಗಿಬಿಡುವ ವಾಸನೆ ಬರುತ್ತದೆ. ‘ಖಾಯಂ’ ಶಬ್ದ ಎಲ್ಲೂ ನುಸುಳಬಾರದು. ನಮ್ಮ ಹೈಕೋರ್ಟಿನಲ್ಲಿ ಹೆಚ್ಚುವರಿ ನ್ಯಾಯಮೂರ್ತಿ ಖಾಯಂ ಆದರೆ 62ರವರೆಗೆ ನಿಶ್ಚಿಂತೆ, ಇಲ್ಲಿ 10 ವರ್ಷಕ್ಕೊಮ್ಮೆ ಮತ್ತೆ ಜನರ ಮುಂದೆ.

ಮಾ.:

ಹೆಸರು ಏನೇ ಇಡಿ, ಪಕ್ಕದಲ್ಲಿ ‘ರಿಟೇನ್’ ಎಂದು ಕನ್ನಡ ಲಿಪಿಯಲ್ಲಿ ಬರೆಯಲೇಬೇಕು. ಹಾಳೆ ಹಿಡಿದು ಹೋದವರ ಮುಂದೆ ಇರುವುದು ಇಂಗ್ಲಿಷ್ ಮತಪತ್ರ. ಈ ಪ್ರಶ್ನೆಗಳು ಕೊನೆಯಲ್ಲಿ ಬರುತ್ತವೆ. ಕುಕ್ ಕೌಂಟಿಯಲ್ಲಿ ಸರ್ಕಿಟ್ ನ್ಯಾಯಾಧೀಶರೇ ಅರವತ್ತಕ್ಕೂ ಹೆಚ್ಚು ಇರುವ ವರ್ಷಗಳಿವೆ, ಮೇಲ್ಮನವಿಯ ಹೆಸರುಗಳು ಅವುಗಳ ಜೊತೆ. ಅರ್ಧಕ್ಕೆ ಸುಸ್ತಾಗಿ ಬಿಡುವವರು ಬಹಳ.

ಖಾಲಿ ಬಿಟ್ಟರೆ ಏನು ಎಂದು ಸ್ಪಷ್ಟವಾಗಿ ಹೇಳಿ. ಜಪಾನಿನಲ್ಲಿ ಸುಪ್ರೀಂ ಕೋರ್ಟಿನವರ ಮೇಲೆ ಜನ ಮತ ಹಾಕುವಾಗ ಬೇಡವಾದವರಿಗೆ ಕತ್ತರಿ ಗುರುತು (×), ಖಾಲಿ ಬಿಟ್ಟರೆ ಒಪ್ಪಿದಂತೆ. ಇಲಿನಾಯಲ್ಲಿ ಖಾಲಿ ಬಿಟ್ಟದ್ದು ಎರಡೂ ಕಡೆ ಸೇರುವುದಿಲ್ಲ.

ನೋಟಾ ಬಗ್ಗೆಯೂ ಒಂದು ಸಾಲು ಬೇಕು. ಊರಿನಲ್ಲಿ ನೋಟಾ ಒತ್ತಿದರೆ ಯಾರೂ ಸೋಲುವುದಿಲ್ಲ. ಇಲ್ಲಿ ಪ್ರತಿ ಎರಡು ‘ನೋ’ಗೆ ಮೂರು ‘ಯೆಸ್’ ಬೇಕು. 2020ರಲ್ಲಿ ಇಲಿನಾಯ್ ಸುಪ್ರೀಂ ಕೋರ್ಟಿನ ಥಾಮಸ್ ಕಿಲ್‌ಬ್ರೈಡ್ ಅರ್ಧಕ್ಕಿಂತ ಹೆಚ್ಚು ಯೆಸ್ ಪಡೆದೂ 60 ಮುಟ್ಟದೆ ಹುದ್ದೆ ಕಳೆದುಕೊಂಡರು.

ಇಂಗ್ಲಿಷ್ ಓದಲಾಗದವರು ಮಗನನ್ನೋ ಸೊಸೆಯನ್ನೋ ಮತಗಟ್ಟೆಯೊಳಗೆ ಜೊತೆಗೆ ಕರೆದೊಯ್ಯಬಹುದು, ಫೆಡರಲ್ ಕಾನೂನೇ ಆ ಹಕ್ಕು ಕೊಟ್ಟಿದೆ. ತಮ್ಮ ಮಾಲೀಕರು, ಅವರ ಏಜೆಂಟರು, ಯೂನಿಯನ್ನಿನ ಪ್ರತಿನಿಧಿಗಳು ಮಾತ್ರ ಆಗುವುದಿಲ್ಲ. ಇಷ್ಟಾದ ಮೇಲೆ ಹಿಂದಿ ಮತಪತ್ರ ನಮ್ಮವರಿಗೆ ಯಾಕೆ ಬೇಕು?

ರ.ಭ.:

ಹಿಂದಿ ಓದಬಲ್ಲವರು ಓದಲಿ, ಅದಕ್ಕೂ ಅಡ್ಡಿಯೇ?

ಶಂ.:

‘ಉಳಿಸೊಪ್ಪಿಗೆ’ಗೆ ಯಾರೂ ವ್ಯಾಕರಣದ ತಪ್ಪು ತೋರಿಸಿಲ್ಲ ಎಂಬುದು ದಾಖಲಾಗಿರಲಿ.

ಸು.ರಾ.:

ಎಲ್ಲರಿಗೂ ಧನ್ಯವಾದ. ಅಚ್ಚಿಗೆ ಹೋಗುವ ಪಠ್ಯ ಹೀಗಿದೆ, ಇನ್ನೊಂದು ಕಣ್ಣು ಹಾಯಿಸಿ:

‘ನ್ಯಾಯಮೂರ್ತಿಗಳನ್ನು ಮುಂದುವರಿಸುವ ಮತ (ರಿಟೇನ್). ಮತಪತ್ರದ ಕೊನೆಯ ಭಾಗ ನೋಡಿ. ಇಲ್ಲಿ ಪಕ್ಷವಿಲ್ಲ, ಎದುರಾಳಿ ಇಲ್ಲ. ಪ್ರತಿ ಹೆಸರಿಗೂ ಬೇರೆಯಾಗಿ ಉತ್ತರಿಸಿ. ಯೆಸ್: ಇನ್ನೊಂದು ಅವಧಿಗೆ ಬೇಕು. ನೋ: ಬೇಡ. ‘ನೋ’ ಎಂಬುದು ನೋಟಾ ಅಲ್ಲ, ಅದು ಲೆಕ್ಕಕ್ಕೆ ಬರುತ್ತದೆ. ಖಾಲಿ ಬಿಟ್ಟರೆ ಯಾವ ಕಡೆಗೂ ಸೇರುವುದಿಲ್ಲ. ಮುಂದುವರಿಯಲು ಮತ ಹಾಕಿದವರಲ್ಲಿ ಶೇ. 60 ಮಂದಿ ಯೆಸ್ ಎನ್ನಬೇಕು.’

ಹು.:

ಕೊನೆಯ ಸಾಲು ಬದಲಿಸಿ. ‘ಮತ ಹಾಕಿದವರಲ್ಲಿ’ ಎಂದರೆ ಅಂದು ಮತಗಟ್ಟೆಗೆ ಬಂದವರೆಲ್ಲ ಎಂದಾಯಿತು. ಸಾವಿರ ಜನ ಬಂದು ಏಳುನೂರು ಮಂದಿ ಈ ಪ್ರಶ್ನೆಗೆ ಗುರುತು ಹಾಕಿದರೆ ಬೇಕಾದದ್ದು 420, 600 ಅಲ್ಲ. ‘ಆ ಹೆಸರಿನ ಪ್ರಶ್ನೆಗೆ ಉತ್ತರಿಸಿದವರಲ್ಲಿ’ ಎಂದು ಬರೆಯಿರಿ.