ಊಟದ ಹೊತ್ತಿನಲ್ಲೂ ಜೆಸಿಬಿಯ ಅವರ್ ಮೀಟರ್ ಓಡುತ್ತದೆಯೇ?

ಪ್ರಶ್ನೆ (ರೈತ, ಹಿರಿಯೂರು ತಾಲ್ಲೂಕು): ಮೇಸ್ತ್ರಿಗಳೇ, ಕೃಷಿ ಹೊಂಡ ತೆಗೆಸಲು ಗಂಟೆ ಲೆಕ್ಕದಲ್ಲಿ ಜೆಸಿಬಿ ಕರೆಸಿದ್ದೆ. ಬೆಳಿಗ್ಗೆ 9 ಗಂಟೆಗೆ ಕೆಲಸ ಹಿಡಿದಾಗ, ಯಂತ್ರ ಓಡಿದ ಗಂಟೆ ತೋರಿಸುವ ಅವರ್ ಮೀಟರಿನಲ್ಲಿ 4312.4 ಇತ್ತು. ಸಂಜೆ ಐದೂಕಾಲು ದಾಟಿದ ಮೇಲೆ ಮುಗಿಸಿದಾಗ 4320.7. ಮಧ್ಯಾಹ್ನ ಒಂದು ಗಂಟೆ ಎಂಜಿನ್ ನಿಂತೇ ಇತ್ತು, ನಾನು ಪಕ್ಕದ ಹೊಂಗೆ ಮರದ ಕೆಳಗೇ ಕುಳಿತಿದ್ದೆ. ಮಾಲೀಕರು 8.3 ಅಂದರೆ ಎಂಟೂವರೆ ಗಂಟೆ ಎಂದು ಹಣ ಕೇಳುತ್ತಿದ್ದಾರೆ. ಚಾಲಕ ಮೀಟರ್ ತಿದ್ದಿರಬಹುದೇ?

ಉತ್ತರ (ಡೀಸೆಲ್ ಮೆಕ್ಯಾನಿಕ್): ಯಜಮಾನರೇ, ಆ ಹುಡುಗನ ಮೇಲೆ ಈಗಲೇ ಅನುಮಾನ ಪಡಬೇಡಿ. ಮೊದಲು ಅಂಕಿ ನೋಡೋಣ. ಕೊನೆಯ ಅಂಕಿ ನಿಮಿಷವಲ್ಲ, ಗಂಟೆಯ ಹತ್ತನೇ ಒಂದು ಭಾಗ, ಅಂದರೆ 6 ನಿಮಿಷ. ಹಾಗಾಗಿ 8.3 ಎಂದರೆ 8 ಗಂಟೆ 18 ನಿಮಿಷ. ಹನ್ನೆರಡು ನಿಮಿಷದ ಬಾಡಿಗೆ ಅಲ್ಲೇ ಇಳಿಯಿತು. ಈ ತಪ್ಪು ಲೆಕ್ಕ ಎಷ್ಟು ಹೊಲಗಳ ಬದುವಿನ ಮೇಲೆ ಜಗಳ ತಂದಿದೆಯೋ, ನೋಡಿ ನೋಡಿ ನನಗೆ ಬೇಸರವಾಗಿದೆ.

ಇನ್ನು ಊಟದ ಗಂಟೆ. ಬೆಳಿಗ್ಗೆ 9ರಿಂದ 8 ಗಂಟೆ 18 ನಿಮಿಷ ಕೂಡಿಸಿದರೆ ಸಂಜೆ 5 ಗಂಟೆ 18 ನಿಮಿಷ. ನೀವು ಕೆಲಸ ಮುಗಿಯಿತೆಂದ ಹೊತ್ತೂ ಅದೇ. ಅಂದರೆ ಮೀಟರ್ ಇಡೀ ದಿನ ಒಂದು ಕ್ಷಣವೂ ನಿಂತಿಲ್ಲ. ಊಟದ ನಂತರ ಚಾಲಕ ಕ್ಯಾಬಿನ್ನಿನಲ್ಲಿ ಏನು ಮಾಡುತ್ತಿದ್ದ?

ರೈತ: ಒರಗಿಕೊಂಡು ಹಾಡು ಕೇಳುತ್ತಿದ್ದ.

ಉತ್ತರ: ಹಾಗಾದರೆ ಕೀ ಆನ್ ಆಗಿತ್ತು. ಅವರ್ ಮೀಟರಿನೊಳಗೆ ಇರುವುದು ಒಂದು ಗಡಿಯಾರವಷ್ಟೇ. ಅದು ಎಂಜಿನ್ನನ್ನು ನೋಡುವುದಿಲ್ಲ. ತನಗೆ ಬಂದ ತಂತಿಯಲ್ಲಿ ಕರೆಂಟ್ ಇರುವಷ್ಟು ಹೊತ್ತು ಎಣಿಸುತ್ತದೆ. ಆ ತಂತಿ ಕೀ ಸ್ವಿಚ್ಚಿನಿಂದ ಬಂದಿದ್ದರೆ ಎಂಜಿನ್ ಆರಿದ್ದರೂ ಅಂಕಿ ಏರುತ್ತದೆ. ಆಯಿಲ್ ಪ್ರೆಷರ್ ಬಂದಾಗ ಕೂಡಿಕೊಳ್ಳುವ ಸ್ವಿಚ್ಚಿನಿಂದಲೋ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನಿಂದಲೋ ಬಂದಿದ್ದರೆ ಎಂಜಿನ್ ತಿರುಗಿದಾಗ ಮಾತ್ರ ಓಡುತ್ತದೆ.

ಪರೀಕ್ಷೆ ಸುಲಭ. ಮಾಲೀಕರ ಎದುರಿನಲ್ಲೇ ಎಂಜಿನ್ ಚಾಲೂ ಮಾಡದೆ ಕೀ ಆನ್ ಮಾಡಿ 15 ನಿಮಿಷ ಬಿಡಿ. ಕೊನೆಯ ಅಂಕಿ ಎರಡು ಸಲ ಬದಲಾದರೆ ಉತ್ತರ ಸಿಕ್ಕಿತು.

ಒಂದು ಮಾತು ಮಾಲೀಕರ ಪರವಾಗಿಯೂ ಹೇಳಬೇಕು. ಎಂಜಿನ್ ಆರಿಸದೆ ಸುಮ್ಮನೆ ನಿಲ್ಲಿಸಿದ್ದರೆ ಆ ಹೊತ್ತು ಲೆಕ್ಕಕ್ಕೆ ಬರುವುದು ನ್ಯಾಯವೇ. ಡೀಸೆಲ್ ಉರಿಯುತ್ತದೆ, ಆಯಿಲ್ ಸವೆಯುತ್ತದೆ. ನಿಂತಲ್ಲೇ ಅಗೆಯುವ ಯಂತ್ರಕ್ಕೆ ಕಿಲೋಮೀಟರ್ ಲೆಕ್ಕ ಹೊಂದುವುದಿಲ್ಲವೆಂದೇ 250, 500, 1000 ಗಂಟೆಗಳಿಗೆ ಸರ್ವೀಸ್ ಇಟ್ಟಿರುವುದು.

ಮತ್ತೊಬ್ಬರ ಪ್ರಶ್ನೆ: ನಮ್ಮ ಹಳೆಯ ಟ್ರ್ಯಾಕ್ಟರಿನಲ್ಲಿ ಇದಕ್ಕೆ ಉಲ್ಟಾ, ಸರ್. ಮೂರು ಗಂಟೆ ಓಡಿಸಿದರೂ ಮೀಟರ್ ಎರಡೇ ಗಂಟೆ ತೋರಿಸುತ್ತದೆ. ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲದಿರಬಹುದು. ಹಳೆಯ ಟ್ರ್ಯಾಕ್ಟರುಗಳಲ್ಲಿ ಎಂಜಿನ್ನಿನಿಂದ ಬರುವ ಕೇಬಲ್ಲೇ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಮುಳ್ಳನ್ನೂ ಗಂಟೆಯ ಅಂಕಿಯನ್ನೂ ತಿರುಗಿಸುತ್ತದೆ. ಅದು ನಿಜವಾಗಿ ಎಣಿಸುವುದು ಎಂಜಿನ್ನಿನ ಸುತ್ತುಗಳನ್ನು. 1500 ಆರ್‌ಪಿಎಂಗೆ ಹೊಂದಿಸಿದ ಮೀಟರ್, 750ರಲ್ಲಿ ಒಂದು ಗಂಟೆ ಓಡಿಸಿದರೆ ಅರ್ಧ ಗಂಟೆ ಮಾತ್ರ ತೋರಿಸುತ್ತದೆ. ರೋಟವೇಟರ್ ಹಾಕಿ ಜೋರಾಗಿ ಓಡಿಸಿದ ದಿನ ನಿಮ್ಮ ಕೈಗಡಿಯಾರಕ್ಕೆ ಹೋಲಿಸಿ ನೋಡಿ, ಅಂತರ ಕಡಿಮೆಯಾಗುತ್ತದೆ. ಸರ್ವೀಸಿಗೆ ಈ ಲೆಕ್ಕ ಒಳ್ಳೆಯದೇ. ಬಾಡಿಗೆಗೆ ಮಾತ್ರ ನಂಬಬೇಡಿ.

ಇನ್ನೊಬ್ಬರ ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಹಿಟಾಚಿ ಅಗೆಯುವ ಯಂತ್ರ ನೋಡಿದ್ದೇನೆ. ಮೀಟರಿನಲ್ಲಿ 3,900 ಇದೆ. ನಂಬಬಹುದೇ?

ಉತ್ತರ: ಮೀಟರ್ ಬದಲಾಯಿಸಲು ಸ್ವಲ್ಪ ಹೊತ್ತು ಸಾಕು, ಕೀಲುಗಳಲ್ಲಿರುವ ಪಿನ್ನು ಬುಶ್ಶುಗಳ ಸವೆತ ಮರೆಮಾಚುವುದು ಕಷ್ಟ. ಬಕೆಟ್ಟನ್ನು ನೆಲದಿಂದ ತುಸು ಎತ್ತಿಸಿ ಕೈಯಿಂದ ಅಲ್ಲಾಡಿಸಿ ನೋಡಿ. ಪೆಡಲಿನ ರಬ್ಬರು, ಚೈನು, ಸೀಟು ಹೇಳುವ ಕಥೆ ಮೀಟರಿನ ಕಥೆಗೆ ಹೊಂದಬೇಕು. ಸರ್ವೀಸ್ ಬಿಲ್ಲುಗಳಲ್ಲಿ ಪ್ರತಿ ಸಲದ ಗಂಟೆ ಬರೆದಿರುತ್ತದೆ, ಕೇಳಿ ಪಡೆಯಿರಿ. ಎಂಜಿನ್ನಿಗೆ ಕಂಪ್ಯೂಟರ್ ಇರುವ ಯಂತ್ರವಾದರೆ ಅದರೊಳಗೂ ಗಂಟೆ ದಾಖಲಾಗಿರುತ್ತದೆ. ಸ್ಕ್ಯಾನರ್ ಹಾಕಿಸದೆ ಮುಂಗಡ ಕೊಡಬೇಡಿ.

ರೈತ (ಮರುದಿನ): ಪರೀಕ್ಷೆ ಮಾಡಿದೆವು. ಎಂಜಿನ್ ಆರಿದ್ದರೂ ಎರಡು ಅಂಕಿ ಏರಿತು. ಮಾಲೀಕರಿಗೇ ಆಶ್ಚರ್ಯ. 7 ಗಂಟೆ 18 ನಿಮಿಷಕ್ಕೆ ಲೆಕ್ಕ ಮಾಡಿ ಹಣ ತೆಗೆದುಕೊಂಡರು. ಚಾಲಕನನ್ನು ಅನುಮಾನಿಸಿದ್ದಕ್ಕೆ ನನಗೇ ನಾಚಿಕೆಯಾಯಿತು. ಈಗ ಮಾಲೀಕರು ತಂತಿಯನ್ನು ಆಯಿಲ್ ಲೈಟಿನ ಸ್ವಿಚ್ಚಿಗೆ ಹಾಕಿಸುತ್ತೇನೆ ಎನ್ನುತ್ತಿದ್ದಾರೆ, ಸರಿಯೇ?

ಉತ್ತರ: ಬೇಡ, ದಯವಿಟ್ಟು ತಡೆಯಿರಿ! ಆಯಿಲ್ ಲೈಟಿನ ಸ್ವಿಚ್ ಸಾಮಾನ್ಯವಾಗಿ ಪ್ರೆಷರ್ ಇಲ್ಲದಾಗ ಅರ್ತ್ (ಕರೆಂಟ್ ಮರಳುವ ದಾರಿ) ಕೊಡುತ್ತದೆ, ಅದಕ್ಕೇ ಕೀ ಆನ್ ಇದ್ದು ಎಂಜಿನ್ ಆರಿದಾಗ ಕೆಂಪು ದೀಪ ಉರಿಯುವುದು. ಮೀಟರಿನ ಅರ್ತನ್ನು ಅದಕ್ಕೆ ಕೊಟ್ಟರೆ ಎಂಜಿನ್ ನಿಂತಾಗ ಓಡಿ, ದುಡಿಯುವಾಗ ನಿಲ್ಲುತ್ತದೆ. ಪ್ರೆಷರ್ ಬಂದಾಗ ಕೂಡಿಕೊಳ್ಳುವ ಬೇರೆ ಸ್ವಿಚ್ ಹಾಕಿಸಬೇಕು. ಇಲ್ಲವೇ ಆಲ್ಟರ್ನೇಟರಿನಲ್ಲಿ ಚಾರ್ಜಿಂಗ್ ದೀಪದ ತಂತಿ ಬರುವ ಡಿ ಪ್ಲಸ್ ಟರ್ಮಿನಲ್ಲಿನಿಂದ ಮೀಟರಿಗೆ ಪ್ಲಸ್ ಕೊಡಿಸಬಹುದು. ಎಂಜಿನ್ ತಿರುಗಿ ಚಾರ್ಜಿಂಗ್ ಶುರುವಾದ ಮೇಲೆಯೇ ಅಲ್ಲಿ ಪೂರ್ತಿ ವೋಲ್ಟೇಜ್ ಬರುತ್ತದೆ. ಕಂಪ್ಯೂಟರ್ ಇರುವ ಹೊಸ ಯಂತ್ರವಾದರೆ ಹೊರಗಿನವರು ತಂತಿ ಮುಟ್ಟುವುದೇ ಬೇಡ, ಕಂಪನಿಯ ಮೆಕ್ಯಾನಿಕ್ಕನ್ನು ಕರೆಸಲಿ. ತಂತಿ ಬದಲಿಸಿದ ದಿನ ಮೀಟರಿನಲ್ಲಿದ್ದ ಅಂಕಿಯನ್ನು ಸರ್ವೀಸ್ ಪುಸ್ತಕದಲ್ಲಿ ಬರೆದಿಡಲು ಹೇಳಿ, ಆಮೇಲೆ ಅದೇ 15 ನಿಮಿಷದ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸಿ.